ಗಬ್ಬದ ಕುದುರೆಗಳಿರುವ ಲಾಯದಲ್ಲಿ ಹರ್ಪಿಸ್ ವೈರಸ್ ಹರಡದಂತೆ ನೋಡಿಕೊಳ್ಳುವ ಬಗೆ

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಸುತ್ತಿನಲ್ಲಿ ಕುದುರೆ ಸಾಕುವವರು ಕಡಿಮೆ. ಇರುವವರಲ್ಲಿ ಮದುವೆ ಮೆರವಣಿಗೆಗೂ ಉತ್ಸವಗಳಿಗೂ ಬಾಡಿಗೆಗೆ ಕೊಡುವವರು ಕೆಲವರು, ಮಾರ್ವಾಡಿ ಅಥವಾ ಕಾಠಿಯಾವಾಡಿ ಜಾತಿಯ ಹೆಣ್ಣು ಕುದುರೆ ಕಟ್ಟಿಕೊಂಡು ಮರಿ ಮಾಡಿಸುವವರು ಕೆಲವರು, ಹಟ್ಟಿಯ ಸಾಮಾನು ಹೊರಿಸಲು ತಟ್ಟು ಸಾಕುವ ಕುರಿಗಾಹಿಗಳು ಇನ್ನು ಕೆಲವರು. ದೊಡ್ಡ ಫಾರಂಗಳಲ್ಲಿ ಗಬ್ಬದ ಕುದುರೆಗೊಂದು ಅಂಕಣ, ಮರಿಗಳಿಗೊಂದು ಬಯಲು, ಹೊಸದಾಗಿ ಬಂದದ್ದಕ್ಕೆ ಇನ್ನೊಂದು ಜಾಗ ಎಂದು ವಿಂಗಡಿಸಲು ಎಕರೆಗಟ್ಟಲೆ ನೆಲವಿರುತ್ತದೆ. ನಮ್ಮಲ್ಲಿ ಒಂದೇ ತಗಡಿನ ಶೆಡ್ಡಿನ ಕೆಳಗೆ ಗಬ್ಬದ್ದು, ಹಾಲು ಬಿಟ್ಟ ಮರಿ, ಬೀಜದ ಕುದುರೆ, ನಿನ್ನೆ ತಾನೇ ಲಾರಿಯಿಂದ ಇಳಿದದ್ದು ಎಲ್ಲವೂ ಸಾಲಾಗಿ ನಿಂತಿರುತ್ತವೆ. ಹಾಗೆ ಮೂರರಿಂದ ಹತ್ತು ಕುದುರೆ ಇಟ್ಟುಕೊಂಡು, ಅವುಗಳಲ್ಲಿ ಒಂದಾದರೂ ಗಬ್ಬವಾಗಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಕುದುರೆಯ ಹರ್ಪಿಸ್ ವೈರಸ್ಸಿನ ವಿಷಯ ಬಂದಾಗ ಮಾಲೀಕರು ಮೊದಲು ಕೇಳುವುದು ಇದು ಯಾವ ತಳಿಯದು, ನರಕ್ಕೆ ಹೊಡೆಯುವುದೋ ಅಥವಾ ಗರ್ಭಕ್ಕೆ ಹೊಡೆಯುವುದೋ ಎಂದು. ಪ್ರಯೋಗಾಲಯಕ್ಕೆ ಆ ಪ್ರಶ್ನೆ ಮುಖ್ಯ. ಆದರೆ ನನ್ನ ಅಭಿಪ್ರಾಯದಲ್ಲಿ ಲಾಯದ ಒಡೆಯನಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಯಾವ ಕುದುರೆ ಯಾವುದರ ಪಕ್ಕ ನಿಂತಿದೆ, ಮತ್ತು ಒಂದನ್ನು ಮುಟ್ಟಿದ ಕೈ ಮುಂದೆ ಯಾವುದನ್ನು ಮುಟ್ಟುತ್ತದೆ? ತಳಿ ಯಾವುದಾದರೂ ಅದನ್ನು ತಡೆಯುವ ಕೆಲಸ ಒಂದೇ.

ಯಾವ ಬಗೆ ಏನು ಮಾಡುತ್ತದೆ

ಕುದುರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹರ್ಪಿಸ್ ವೈರಸ್ಸುಗಳು ಐದು ಬಗೆಯವು. ಮರಿ ಮಾಡಿಸುವವರು ಒಂದು, ಮೂರು, ನಾಲ್ಕನೆಯ ಬಗೆಗಳನ್ನು ತಿಳಿದಿದ್ದರೆ ಸಾಕು. ನಾಲ್ಕನೆಯದು ಎಳೆಯ ಕುದುರೆಗಳಿಗೆ ಜ್ವರ, ನೆಗಡಿ, ಕೆಮ್ಮು ತರುತ್ತದೆ. ಅದರಿಂದ ಗರ್ಭ ಬೀಳುವುದು ಅಪರೂಪ. ಮೂರನೆಯದು ಗಂಡು ಕೊಡಿಸುವಾಗ ಹರಡುವ ಜನನಾಂಗದ ಹುಣ್ಣು, ಅದರ ಮಾತು ಕೊನೆಯಲ್ಲಿದೆ. ನಿಜವಾದ ಹಾನಿ ಮಾಡುವುದು ಒಂದನೆಯ ಬಗೆ, ಅಂದರೆ ಇಎಚ್‌ವಿ-1 (ಇಎಚ್‌ವಿ ಎಂದರೆ ಇಂಗ್ಲಿಷಿನ ಈಕ್ವೈನ್ ಹರ್ಪಿಸ್ ವೈರಸ್, ಕುದುರೆಯ ಹರ್ಪಿಸ್ ವೈರಸ್ಸು). ಇದು ಉಸಿರಾಟದ ದಾರಿಯಿಂದ ಒಳಹೊಕ್ಕು, ರಕ್ತದ ಬಿಳಿ ಕಣಗಳನ್ನೇರಿ ದೇಹವಿಡೀ ಸಂಚರಿಸಿ, ಗರ್ಭಕೋಶದ ರಕ್ತನಾಳಗಳ ಒಳಪದರವನ್ನು ಕೆಡಿಸಿದರೆ ಗರ್ಭಪಾತವಾಗುತ್ತದೆ. ಬೆನ್ನುಹುರಿಯ ರಕ್ತನಾಳಗಳನ್ನು ಕೆಡಿಸಿದರೆ ಹಿಂಗಾಲು ಸೋಲುತ್ತದೆ. ತಾಯಿಯ ಹೊಟ್ಟೆಯಲ್ಲೇ ಸೋಂಕು ತಗುಲಿದ ಮರಿ ಜೀವಂತವಾಗಿ ಹುಟ್ಟಿದರೂ ನಿಶ್ಶಕ್ತಿಯಿಂದ, ಉಸಿರಾಟದ ತೊಂದರೆಯಿಂದ ಕೆಲವೇ ದಿನಗಳಲ್ಲಿ ಸಾಯುವುದು ಹೆಚ್ಚು. ಒಂದು ಮತ್ತು ನಾಲ್ಕನೆಯ ಬಗೆಗಳನ್ನು 1980ರ ದಶಕದ ಆರಂಭದವರೆಗೂ ಒಂದೇ ವೈರಸ್ಸಿನ ಎರಡು ರೂಪಗಳೆಂದು ಭಾವಿಸಲಾಗಿತ್ತು. ಹಳೆಯ ಪುಸ್ತಕಗಳಲ್ಲಿ ಎರಡೂ ಒಂದೇ ಹೆಸರಿನಲ್ಲಿ ಕಂಡರೆ ಗಲಿಬಿಲಿಗೊಳ್ಳಬೇಕಾಗಿಲ್ಲ.

ಈಗ ತಳಿಯ ಮಾತು. ಇಎಚ್‌ವಿ-1ರ ಒಂದು ಕಿಣ್ವದಲ್ಲಿ, ಅಂದರೆ ವೈರಸ್ಸು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಲು ಬಳಸುವ ಪಾಲಿಮರೇಸಿನಲ್ಲಿ, 752ನೆಯ ಸ್ಥಾನದ ಅಮೈನೋ ಆಮ್ಲ ಯಾವುದೆಂಬುದರ ಮೇಲೆ ಪ್ರಯೋಗಾಲಯಗಳು ತಳಿಗಳನ್ನು ವಿಂಗಡಿಸುತ್ತವೆ. ಅಲ್ಲಿ ಆಸ್ಪರಾಜಿನ್ ಇದ್ದರೆ ಎನ್ 752, ಆಸ್ಪಾರ್ಟಿಕ್ ಆಮ್ಲ ಇದ್ದರೆ ಡಿ 752. ಗರ್ಭಪಾತದ ಮಾದರಿಗಳಲ್ಲಿ ಎನ್ ತಳಿ ಹೆಚ್ಚು ಸಿಗುತ್ತದೆ, ನರರೋಗದ ಪ್ರಕರಣಗಳಲ್ಲಿ ಡಿ ತಳಿ ಹೆಚ್ಚು. ಈಚಿನ ವರ್ಷಗಳಲ್ಲಿ ಅದೇ ಸ್ಥಾನದಲ್ಲಿ ಹಿಸ್ಟಿಡಿನ್ ಇರುವ ಮೂರನೆಯ ರೂಪವೊಂದು ಫ್ರಾನ್ಸಿನಲ್ಲೂ ಅಮೆರಿಕದಲ್ಲೂ ಕಂಡಿದೆ. ಇದನ್ನು ಕಟ್ಟುನಿಟ್ಟಾದ ಹಂಚಿಕೆ ಎಂದು ತಿಳಿಯುವುದು ತಪ್ಪು. ಎನ್ ತಳಿಯೂ ಕುದುರೆಯನ್ನು ನೆಲ ಹಿಡಿಸಿದ ಉದಾಹರಣೆಗಳಿವೆ, ಡಿ ತಳಿಯೂ ಗರ್ಭ ಬೀಳಿಸುತ್ತದೆ. ಆದುದರಿಂದ ವರದಿಯಲ್ಲಿ ಎನ್ ಎಂದು ಬಂದಿತೆಂದು ಪ್ರತ್ಯೇಕವಾಗಿ ಇಡುವುದನ್ನು ಸಡಿಲಿಸಬಾರದು, ಡಿ ಎಂದು ಬಂದಿತೆಂದು ಗಾಬರಿಬಿದ್ದು ಕುದುರೆಗಳನ್ನು ರಾತ್ರೋರಾತ್ರಿ ನೆಂಟರ ತೋಟಕ್ಕೆ ಸಾಗಿಸಲೂಬಾರದು. ಹಾಗೆ ಸಾಗಿಸಿದರೆ ಕಾಯಿಲೆಗೆ ಹೊಸ ಊರು ತೋರಿಸಿಕೊಟ್ಟಂತೆಯೇ.

ವೈರಸ್ಸು ಎಲ್ಲಿಂದ ಬರುತ್ತದೆ

ಹೊರಗಿನಿಂದ ಬಂದ ಕುದುರೆಯನ್ನೇ ದೂರುವುದು ರೂಢಿ, ಅದು ಅರ್ಧ ಸತ್ಯ ಮಾತ್ರ. ಮನುಷ್ಯರಿಗೆ ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಅಡಗಿದ್ದು ಮುಪ್ಪಿನಲ್ಲಿ ಸರ್ಪಸುತ್ತಾಗಿ ಏಳುವುದು ಎಲ್ಲರಿಗೂ ತಿಳಿದದ್ದೇ; ಅದೂ ಇದೇ ಕುಟುಂಬದ ವೈರಸ್ಸು. ಒಮ್ಮೆ ಸೋಂಕು ತಗುಲಿದ ಕುದುರೆಯ ದುಗ್ಧರಸ ಗ್ರಂಥಿಗಳಲ್ಲಿ ಮತ್ತು ಮುಖದ ನರಗಂಟಿನಲ್ಲಿ ಇಎಚ್‌ವಿ-1 ಜೀವಮಾನವಿಡೀ ಅಡಗಿರುತ್ತದೆ. ದೂರದ ಲಾರಿ ಪ್ರಯಾಣ, ಬೇರೊಂದು ಕಾಯಿಲೆ, ಶಸ್ತ್ರಚಿಕಿತ್ಸೆ, ಸ್ಟೀರಾಯ್ಡ್ ಔಷಧ, ಮರಿಯಿಂದ ತಾಯಿಯನ್ನು ಅಗಲಿಸುವುದು, ಗುಂಪಿಗೆ ಹೊಸ ಕುದುರೆ ಸೇರಿ ಜಗಳವಾಗುವುದು, ಇಂಥ ಒತ್ತಡಗಳಲ್ಲಿ ಅದು ಮತ್ತೆ ಎಚ್ಚರಗೊಳ್ಳುತ್ತದೆ. ಆಗ ಆ ಕುದುರೆಯಲ್ಲಿ ಯಾವ ಲಕ್ಷಣವೂ ಕಾಣದೆ ಮೂಗಿನಿಂದ ವೈರಸ್ಸು ಹೊರಬರಬಹುದು. ಆಸ್ಟ್ರೇಲಿಯಾದ ಹಂಟರ್ ಕಣಿವೆಯ ಕುದುರೆ ಫಾರಂಗಳಲ್ಲಿ ನಡೆದ ಅಧ್ಯಯನಗಳು ಇದರ ಚಕ್ರವನ್ನು ತೋರಿಸಿವೆ: ತಾಯಿಯಿಂದ ಹಾಲು ಕುಡಿಯುವ ಮರಿಗೆ, ಮರಿಯಿಂದ ಮರಿಗೆ, ಹಾಲು ಬಿಡಿಸಿ ಗುಂಪಾಗಿ ಕೂಡಿದ ಮೇಲೆ ಮರಿಗಳ ನಡುವೆ ಇನ್ನೂ ವೇಗವಾಗಿ. ತಾಯಂದಿರಿಗೆ ಲಸಿಕೆ ಹಾಕಿದ್ದ ಫಾರಂಗಳಲ್ಲಿಯೂ ಈ ಚಕ್ರ ನಿಂತಿರಲಿಲ್ಲ.

ಇದರಿಂದ ಕಲಿಯಬೇಕಾದದ್ದು ಸ್ಪಷ್ಟ. ಗಬ್ಬದ ಕುದುರೆಯ ಪಕ್ಕದಲ್ಲಿ ನಿಂತಿರುವ, ಮೂಗು ಸುರಿಸುವ ಆರೇಳು ತಿಂಗಳ ಮರಿಯೇ ಲಾಯದ ಅತಿ ಅಪಾಯಕಾರಿ ಪ್ರಾಣಿ. ಜನರು ಅದನ್ನು ಮುದ್ದು ಮಾಡುತ್ತಾರೆ, ಅದರ ನೆಗಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹರಡುವ ದಾರಿಗಳು ಮೂರು: ಸೀನು-ಕೆಮ್ಮಿನ ಹನಿ ಮತ್ತು ಮೂಗಿಗೆ ಮೂಗು ತಾಗಿಸುವುದು; ಬಿದ್ದ ಗರ್ಭ, ಮಾಸು ಮತ್ತು ಗರ್ಭದ ನೀರು (ಇವುಗಳಲ್ಲಿ ವೈರಸ್ಸು ಅಪಾರವಾಗಿರುತ್ತದೆ); ಮತ್ತು ಮನುಷ್ಯರ ಕೈ, ಬಟ್ಟೆ, ಬಕೇಟು, ಹಗ್ಗ, ಲಗಾಮು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಇದೆಯೆಂದು ಹೆದರಬೇಕಾಗಿಲ್ಲ. ಹನಿಗಳು ಹೋಗುವುದು ಹತ್ತಿರಕ್ಕೆ, ದೂರಕ್ಕೆ ಒಯ್ಯುವುದು ನಮ್ಮ ಕೈಗಳೇ. ಹೊರಗೆ ಬಿದ್ದ ವೈರಸ್ಸು ಸಾಮಾನ್ಯವಾಗಿ ಒಂದು ವಾರದೊಳಗೆ ಸಾಯುತ್ತದೆ, ತಂಪು-ನೆರಳಿನಂಥ ಅನುಕೂಲ ಸಿಕ್ಕರೆ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಬದುಕಬಲ್ಲದು.

ಗುಂಪು ಮಾಡುವುದು ಮತ್ತು ತಿಂಗಳ ಲೆಕ್ಕ

ಕುದುರೆಯ ಗರ್ಭಾವಧಿ ಸರಾಸರಿ 340 ದಿನ. ಇಎಚ್‌ವಿ-1ರಿಂದಾಗುವ ಗರ್ಭಪಾತಗಳಲ್ಲಿ ಹೆಚ್ಚಿನವು ಏಳನೆಯ ತಿಂಗಳ ನಂತರದವು. ಫೆಬ್ರುವರಿ ಮಧ್ಯದಲ್ಲಿ ಗಂಡು ಕೊಡಿಸಿದ ಕುದುರೆ ಮುಂದಿನ ಜನವರಿಯ ಮೂರನೆಯ ವಾರದ ಹೊತ್ತಿಗೆ ಈಯುತ್ತದೆ. ಅದರ ಅಪಾಯದ ಕಾಲ ಸೆಪ್ಟೆಂಬರ್ ಮಧ್ಯದಿಂದ ಜನವರಿಯವರೆಗೆ. ದೀಪಾವಳಿ ಕಳೆದ ಮೇಲೆ ಧನುರ್ಮಾಸ ಹಿಡಿಯುವವರೆಗಿನ ಮದುವೆಯ ಸುಗ್ಗಿ ಬರುವುದು ಇದೇ ಕಾಲದಲ್ಲಿ, ದತ್ತ ಜಯಂತಿಯ ಹೊತ್ತಿಗೆ ಮಹಾರಾಷ್ಟ್ರದ ಸಾರಂಗಖೇಡದಲ್ಲಿ ಕುದುರೆ ಜಾತ್ರೆ ಸೇರುವುದೂ, ಅದರ ಹಿಂದೆಯೇ ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆ ನಡೆಯುವುದೂ ಇದೇ ಕಾಲದಲ್ಲಿ. ಕಾರ್ತೀಕ ಹುಣ್ಣಿಮೆಯ ಪುಷ್ಕರ ಜಾತ್ರೆಯಲ್ಲಿ ಕೊಂಡ ಕುದುರೆಯೂ ಆಗಲೇ ಬಂದಿಳಿಯುತ್ತದೆ. ನೂರಾರು ಕುದುರೆಗಳ ನಡುವೆ ನಿಂತು, ದಿನಗಟ್ಟಲೆ ಲಾರಿಯಲ್ಲಿ ಕುಲುಕಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದಿಳಿದ ಪ್ರಾಣಿ ಗಬ್ಬದ ಕುದುರೆಯ ಪಕ್ಕದ ಗೂಟಕ್ಕೆ ಕಟ್ಟಲ್ಪಡುವುದು ಕಾಲಮಾನದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟದ್ದಾಗಿರಲು ಸಾಧ್ಯವಿಲ್ಲ.

ಆದ್ದರಿಂದ ಸೆಪ್ಟೆಂಬರ್ ಬರುವ ಮೊದಲೇ ಲಾಯವನ್ನು ಮೂರಾಗಿ ವಿಂಗಡಿಸಬೇಕು. ಗಬ್ಬದ ಕುದುರೆಗಳದೊಂದು ಗುಂಪು. ಇವು ಮದುವೆಗೆ ಹೋಗಬಾರದು, ಬೇರೆ ಊರಿಗೆ ಹೋಗಬಾರದು. ಮರಿಗಳು ಮತ್ತು ಎರಡು ವರ್ಷದೊಳಗಿನವು ಎರಡನೆಯ ಗುಂಪು. ಬಾಡಿಗೆಗೆ ಹೊರಹೋಗಿ ಬರುವವು, ಬೀಜದ ಕುದುರೆ ಮತ್ತು ಹೊಸದಾಗಿ ಕೊಂಡವು ಮೂರನೆಯದು. ಕತ್ತೆ, ಹೇಸರಗತ್ತೆ ಇದ್ದರೆ ಅವೂ ಈ ಲೆಕ್ಕದಲ್ಲಿ ಸೇರುತ್ತವೆ. ದನ-ಕುರಿಗಳ ವಿಷಯದಲ್ಲಿ ಚಿಂತೆ ಬೇಡ. ಜಾಗ ಕಡಿಮೆ ಇರುವವರು ಗಬ್ಬದ ಗುಂಪನ್ನು ಅಡಿಕೆ ತೋಟದ ಇನ್ನೊಂದು ತುದಿಯಲ್ಲಿ ತಾತ್ಕಾಲಿಕ ಚಪ್ಪರದ ಕೆಳಗೆ ಕಟ್ಟಿದರೂ ಆಗುತ್ತದೆ. ಬೆಲೆಬಾಳುವ ಕಟ್ಟಡಕ್ಕಿಂತ ಹತ್ತು ಮೀಟರಿಗೂ ಹೆಚ್ಚಿನ ಅಂತರ ಹೆಚ್ಚು ಕೆಲಸ ಮಾಡುತ್ತದೆ. ಮರಿಗಳ ಹಾಲು ಬಿಡಿಸುವುದನ್ನು ಗಬ್ಬದ ಕುದುರೆಗಳ ಕಣ್ಣೆದುರಿಗೆ, ಅದೇ ಶೆಡ್ಡಿನಲ್ಲಿ ಮಾಡಬಾರದು. ತಾಯಿಯೇ ಮತ್ತೆ ಗಬ್ಬವಾಗಿದ್ದರೆ, ಮರಿಯನ್ನು ಸಾಗಿಸಬೇಕೇ ಹೊರತು ತಾಯಿಯನ್ನಲ್ಲ.

ಹೊಸ ಕುದುರೆಯನ್ನು ಕನಿಷ್ಠ 21 ದಿನ ಪ್ರತ್ಯೇಕವಾಗಿ ಇಡಬೇಕು, ಗಬ್ಬದ ಕುದುರೆಗಳಿರುವಲ್ಲಿ 28 ದಿನ ಇಡುವುದು ಮೇಲು. ಅದರ ಬಕೇಟು, ಮೈ ಉಜ್ಜುವ ಬ್ರಷ್, ಹಗ್ಗ, ಸಲಿಕೆ ಬೇರೆಯಾಗಿರಲಿ, ಅವಕ್ಕೆ ಕೆಂಪು ಬಣ್ಣ ಬಳಿದರೆ ಆಳುಗಳಿಗೆ ಗುರುತು ಹಿಡಿಯಲು ಸುಲಭ. ಕೆಲಸದ ಕ್ರಮ ದಿನವೂ ಒಂದೇ ಆಗಿರಬೇಕು: ಮೊದಲು ಗಬ್ಬದವು, ನಂತರ ಮರಿಗಳು, ಕೊನೆಗೆ ಹೊರಹೋಗಿ ಬರುವವು ಮತ್ತು ಹೊಸವು. ಹೊಸದರ ಕೆಲಸ ಮುಗಿಸಿದವನು ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಿಸದೆ ಹಿಂದಿನ ಗುಂಪಿನ ಬಳಿಗೆ ಹೋಗಬಾರದು. ನೀರಿನ ತೊಟ್ಟಿ ಒಂದೇ ಇರುವ ಕಡೆ ಈ ಶಿಸ್ತೆಲ್ಲ ವ್ಯರ್ಥವಾಗುತ್ತದೆ. ಪೈಪಿನ ತುದಿಯನ್ನು ಬಕೇಟಿನ ನೀರಿನಲ್ಲಿ ಮುಳುಗಿಸುತ್ತ ಸಾಲಾಗಿ ತುಂಬಿಸಿಕೊಂಡು ಹೋಗುವುದೂ ಅಷ್ಟೇ ಕೆಟ್ಟದ್ದು.

ಥರ್ಮಾಮೀಟರ್

ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಕಡೆಗಣಿಸಲ್ಪಟ್ಟ ಸಾಧನ ಇದು. ಸೋಂಕು ತಗುಲಿದ ಎರಡರಿಂದ ಹತ್ತು ದಿನಗಳಲ್ಲಿ ಜ್ವರ ಬರುತ್ತದೆ, ಹಲವು ಸಲ ಬೇರೆ ಯಾವ ಲಕ್ಷಣವೂ ಇರುವುದಿಲ್ಲ, ಮೇವು ತಿನ್ನುತ್ತಲೇ ಇರುತ್ತದೆ. ಪ್ರತ್ಯೇಕವಾಗಿಟ್ಟ ಕುದುರೆಗೆ ದಿನಕ್ಕೆರಡು ಬಾರಿ, ಗಬ್ಬದ ಕುದುರೆಗಳಿಗೆ ಅಪಾಯದ ತಿಂಗಳುಗಳಲ್ಲಿ ದಿನಕ್ಕೊಂದು ಬಾರಿ ಗುದದಲ್ಲಿ ತಾಪಮಾನ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಮಧ್ಯಾಹ್ನದ ಅಳತೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಸೂರ್ಯ ಮೇಲೇರುವ ಮುನ್ನ ನೋಡಿದ ಅಳತೆಯನ್ನೇ ನಂಬಬೇಕು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಬೆಳಗಿನ ತಾಪಮಾನ 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದನ್ನು ಅಂದೇ ಬೇರ್ಪಡಿಸಿ ಪಶುವೈದ್ಯರಿಗೆ ತಿಳಿಸಬೇಕು. ಅವರು ಬರುವ ಮೊದಲೇ ಜ್ವರದ ಚುಚ್ಚುಮದ್ದು ಹಾಕಿಸಿಬಿಟ್ಟರೆ ಈ ಸುಳಿವು ಅಳಿಸಿಹೋಗುತ್ತದೆ. ಜ್ವರ ಕಂಡ ದಿನಗಳಲ್ಲಿ ಮೂಗಿನ ಒಳಗಿನಿಂದ ತೆಗೆದ ಸ್ವಾಬ್ ಮತ್ತು ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತ, ಎರಡನ್ನೂ ವೈರಸ್ಸಿನ ಡಿಎನ್‌ಎ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆಗೆ ಕಳಿಸಬೇಕು. ಒಂದನ್ನೇ ಕಳಿಸಿದರೆ ಸೋಂಕು ತಪ್ಪಿಸಿಕೊಳ್ಳಬಹುದು.

ಮೂಗು ಸೋರುವುದೆಲ್ಲ ಹರ್ಪಿಸ್ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗ್ಲಾಂಡರ್ಸ್ ರೋಗದಲ್ಲಿಯೂ ಮೂಗಿನಿಂದ ಅಂಟಾದ ಸ್ರಾವ ಬರುತ್ತದೆ, ಅದು ಮನುಷ್ಯರಿಗೂ ತಗುಲುವ ಪ್ರಾಣಾಂತಿಕ ರೋಗ. ಜಾತ್ರೆಯಿಂದ ಕೊಳ್ಳುವ ಪ್ರತಿ ಕುದುರೆಗೂ ಗ್ಲಾಂಡರ್ಸ್ ಪರೀಕ್ಷೆ ಆಗಿದೆಯೇ ಎಂದು ಕೇಳದೆ ಹಣ ಎಣಿಸಬಾರದು.

ಲಸಿಕೆಯಿಂದ ಎಷ್ಟು ನಿರೀಕ್ಷಿಸಬಹುದು

ಗಬ್ಬದ ಐದು, ಏಳು ಮತ್ತು ಒಂಬತ್ತನೆಯ ತಿಂಗಳಲ್ಲಿ ನಿಷ್ಕ್ರಿಯಗೊಳಿಸಿದ ಇಎಚ್‌ವಿ-1 ಲಸಿಕೆ ಹಾಕಿಸುವುದು ಒಪ್ಪಿತ ಕ್ರಮ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ನಮ್ಮ ದೇಶದಲ್ಲೇ ದೊರೆತ ವೈರಸ್ ತಳಿಯಿಂದ ಇಂಥ ಲಸಿಕೆಯನ್ನು ಅಭಿವೃದ್ಧಿಪಡಿಸಿದೆ. ಫೆಬ್ರುವರಿಯಲ್ಲಿ ಗಬ್ಬ ನಿಂತ ಕುದುರೆಗೆ ಜುಲೈ, ಸೆಪ್ಟೆಂಬರ್, ನವೆಂಬರ್ ಎಂದು ಲೆಕ್ಕ ಹಿಡಿದು, ಎರಡು ತಿಂಗಳು ಮುಂಚೆಯೇ ಪಶುವೈದ್ಯರೊಡನೆ ಮಾತಾಡಿ ತರಿಸುವ ಏರ್ಪಾಡು ಮಾಡಬೇಕು. ಔಷಧದಂಗಡಿಯ ಫ್ರಿಜ್ಜಿನಲ್ಲಿ ಸಿದ್ಧವಾಗಿ ಸಿಗುವ ವಸ್ತು ಇದಲ್ಲ. ಒಂದೇ ಕುದುರೆಗೆ ಹಾಕಿಸಿ ಪಕ್ಕದವನ್ನು ಬಿಡುವುದರಲ್ಲಿ ಅರ್ಥವಿಲ್ಲ, ಒಟ್ಟಿಗೆ ಇರುವ ಎಲ್ಲ ಕುದುರೆಗಳಿಗೂ ಹಾಕಿಸಿದಾಗಲೇ ಲಾಯದಲ್ಲಿ ಸುತ್ತುವ ವೈರಸ್ಸಿನ ಪ್ರಮಾಣ ತಗ್ಗುತ್ತದೆ. ಲಸಿಕೆ ಹಾಕಿಸಿದ ಕುದುರೆಯೂ ಕಂದು ಹಾಕಬಹುದು, ಮತ್ತು ನರರೋಗವನ್ನು ಖಂಡಿತವಾಗಿ ತಡೆಯುವ ಲಸಿಕೆ ಇಲ್ಲ. ಒಂದು ಕುದುರೆ ಕಂದು ಹಾಕಿದರೂ ಉಳಿದವುಗಳಿಗೆ ಸಾಲಾಗಿ ಆಗದಂತೆ ತಡೆಯುವುದರಲ್ಲಿ ಲಸಿಕೆ ನೆರವಾಗುತ್ತದೆ. ಅದನ್ನು ನಾನು ಸಣ್ಣ ಲಾಭವೆಂದು ಎಣಿಸುವುದಿಲ್ಲ.

ಕುದುರೆ ಕಂದು ಹಾಕಿದಾಗ

ಈ ವೈರಸ್ಸಿನ ಗರ್ಭಪಾತ ಮುನ್ಸೂಚನೆ ಕೊಡುವುದು ಅಪರೂಪ. ಕೆಚ್ಚಲು ಬಿಟ್ಟಿರುವುದಿಲ್ಲ, ಜ್ವರ ಬಂದುಹೋಗಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದಿರುತ್ತವೆ. ಬೆಳಿಗ್ಗೆ ನೋಡಿದಾಗ ಗರ್ಭ ಕೆಳಗೆ ಬಿದ್ದಿರುತ್ತದೆ, ಹಲವು ಸಲ ಮಾಸಿನ ಚೀಲ ಸುತ್ತಿಕೊಂಡೇ, ಕೊಳೆಯದೆ ತಾಜಾ ಆಗಿ. ಇಂಥ ದೃಶ್ಯ ಕಂಡರೆ ಫಲಿತಾಂಶ ಬರುವವರೆಗೂ ಇಎಚ್‌ವಿ-1 ಎಂದೇ ತಿಳಿದು ನಡೆಯಬೇಕು.

ಮೊದಲ ಕೆಲಸ ನಾಯಿಗಳನ್ನು ಕಟ್ಟುವುದು. ಬಿದ್ದ ಗರ್ಭವನ್ನೋ ಮಾಸನ್ನೋ ಬೀದಿನಾಯಿ ಎಳೆದಾಡಿದರೆ ವೈರಸ್ಸು ಅಂಗಳವಿಡೀ ಹರಡುತ್ತದೆ. ಕಂದು ಹಾಕಿದ ಕುದುರೆಯನ್ನು ಇತರ ಕುದುರೆಗಳಿಂದ ದೂರ ಕಟ್ಟಿ, ಅದರೊಂದಿಗೆ ಇದ್ದ ಗಬ್ಬದ ಕುದುರೆಗಳನ್ನು ಇದ್ದಲ್ಲಿಯೇ ಬಿಡಬೇಕು. ಅವು ಈಗಾಗಲೇ ಸೋಂಕಿಗೆ ಒಡ್ಡಿಕೊಂಡಿವೆ, ಅವನ್ನು ಬೇರೆ ಗುಂಪಿಗೆ ಸೇರಿಸಿದರೆ ಆ ಗುಂಪೂ ಹೋಗುತ್ತದೆ. ಕೈಗವಸು ತೊಟ್ಟುಕೊಳ್ಳದೆ ಏನನ್ನೂ ಮುಟ್ಟಬಾರದು: ಈ ವೈರಸ್ಸು ಮನುಷ್ಯರಿಗೆ ತಗುಲುವುದಿಲ್ಲವಾದರೂ, ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲಾ, ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಗಳು ತಗುಲುತ್ತವೆ. ಗರ್ಭವನ್ನೂ ಮಾಸನ್ನೂ ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೆರಳಿನಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು ಪಶು ಆಸ್ಪತ್ರೆಗೆ, ಇಲ್ಲವೇ 1962 ಸಹಾಯವಾಣಿಗೆ ಕರೆ ಮಾಡಬೇಕು. ಪಶುವೈದ್ಯರು ಗರ್ಭದ ಶ್ವಾಸಕೋಶ, ಯಕೃತ್ತು, ಗುಲ್ಮ, ಥೈಮಸ್ ಗ್ರಂಥಿ ಮತ್ತು ಮಾಸಿನ ತುಣುಕುಗಳನ್ನು ತೆಗೆದು, ಪಿಸಿಆರ್‌ಗೆ ತಣ್ಣಗೂ ಅಂಗಾಂಶ ಪರೀಕ್ಷೆಗೆ ಫಾರ್ಮಲಿನ್ನಿನಲ್ಲೂ ಇಡುತ್ತಾರೆ. ಹತ್ತಿರದಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇವೆ. ಕುದುರೆಯ ವೈರಸ್ಸುಗಳಿಗೆಂದೇ ಪರಿಣತಿ ಇರುವುದು ಹಿಸಾರ್ ಕೇಂದ್ರದಲ್ಲಿ. ಮಾದರಿಗಳು ಪಶುವೈದ್ಯರ ಪತ್ರದೊಂದಿಗೇ ಹೋಗಬೇಕು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದಲ್ಲ. ಮಾದರಿ ತೆಗೆದ ಮೇಲೆ ಉಳಿದದ್ದನ್ನು ಬಾವಿ-ಹಳ್ಳಗಳಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಈ ವೈರಸ್ಸಿನ ಹೊರಪದರ ಕೊಬ್ಬಿನದು, ಹಾಗಾಗಿ ಸೋಪು, ಬ್ಲೀಚು, ಸಾಮಾನ್ಯ ಸೋಂಕುನಿವಾರಕ ಯಾವುದಾದರೂ ಅದನ್ನು ಕೊಲ್ಲುತ್ತದೆ. ತೊಡಕಿರುವುದು ಲದ್ದಿಯಲ್ಲಿ, ಅದರ ಮೇಲೆ ಸುರಿದ ಬ್ಲೀಚು ಲದ್ದಿಯೊಡನೆಯೇ ಸವೆದುಹೋಗುತ್ತದೆ. ಮೊದಲು ಹುಲ್ಲು, ಲದ್ದಿ ತೆಗೆದು, ಸೋಪಿನ ನೀರಿನಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಬಳಿಯಬೇಕು. ಮಣ್ಣಿನ ನೆಲವನ್ನು ಹೀಗೆ ತೊಳೆಯಲಾಗದು: ಮೇಲ್ಮಣ್ಣನ್ನು ಕೆರೆದು ತೆಗೆದು, ಬಿಸಿಲಿಗೆ ಬಿಟ್ಟು, ಆ ಜಾಗವನ್ನು ಕನಿಷ್ಠ 28 ದಿನ ಖಾಲಿ ಇಡುವುದೇ ದಾರಿ.

ಹಿಂಗಾಲು ಸೋತಾಗ

ಜ್ವರ ಬಂದುಹೋದ ಕೆಲವು ದಿನಗಳಲ್ಲಿ ಕುದುರೆ ಹಿಂಗಾಲು ಎಳೆಯುತ್ತ ತೂರಾಡಿದರೆ, ಬಾಲ ಸಡಿಲವಾದರೆ, ಮೂತ್ರ ತೊಟ್ಟಿಕ್ಕಿದರೆ ಅದು ಇಎಚ್‌ವಿ-1ರ ನರರೋಗ ಇರಬಹುದು. 2021ರಲ್ಲಿ ಸ್ಪೇನಿನ ವ್ಯಾಲೆನ್ಸಿಯಾದಲ್ಲಿ ಜಿಗಿತದ ಸ್ಪರ್ಧೆಗೆ ಸೇರಿದ್ದ ಕುದುರೆಗಳಲ್ಲಿ ಇದು ಕಾಣಿಸಿಕೊಂಡು, ಯುರೋಪಿನ ಹಲವು ದೇಶಗಳ ಸ್ಪರ್ಧೆಗಳನ್ನೇ ರದ್ದು ಮಾಡಬೇಕಾಯಿತು. ನಿಂತೇ ಇರುವ ಕುದುರೆ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ನೆಲ ಹಿಡಿದದ್ದು ಏಳುವುದು ಕಷ್ಟ. ನಮ್ಮ ನಾಡಿನಲ್ಲಿ ಇದೇ ಲಕ್ಷಣದ ಹಿಂದೆ ಹುಚ್ಚುನಾಯಿ ರೋಗವೂ ಇರಬಹುದು, ಆದ್ದರಿಂದ ಪಶುವೈದ್ಯರು ನೋಡುವವರೆಗೆ ಯಾರೂ ಅದರ ಬಾಯಿಗೆ ಕೈ ಹಾಕಿ ಔಷಧ ಕುಡಿಸಬಾರದು.

ಗಂಡು ಕೊಡಿಸುವಾಗ

ಮೂರನೆಯ ಬಗೆಯ ವೈರಸ್ಸು ಬೀಜದ ಕುದುರೆಯ ಶಿಶ್ನದ ಮೇಲೂ ಹೆಣ್ಣಿನ ಯೋನಿದ್ವಾರದ ಸುತ್ತಲೂ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ಅವು ಒಡೆದು ಹುಣ್ಣಾಗುತ್ತವೆ. ಎರಡು ಮೂರು ವಾರಗಳಲ್ಲಿ ಮಾಯುತ್ತದೆ, ಬಿಳಿ ಕಲೆ ಉಳಿಯುತ್ತದೆ, ಗರ್ಭ ನಿಲ್ಲುವುದಕ್ಕೆ ತೊಂದರೆಯಿಲ್ಲ. ಗಬ್ಬ ಪರೀಕ್ಷೆಗೆ ಬಳಸಿದ ಕೈಗವಸನ್ನೇ ಮತ್ತೊಂದು ಕುದುರೆಗೆ ಬಳಸುವುದರಿಂದಲೂ ಇದು ದಾಟುತ್ತದೆ. ಹುಣ್ಣು ಪೂರ್ತಿ ಮಾಯುವವರೆಗೆ ಬೀಜದ ಕುದುರೆಯನ್ನು ಬಿಡಬಾರದು. ಊರೂರಿನಿಂದ ಹೆಣ್ಣು ಕುದುರೆ ತರಿಸಿಕೊಳ್ಳುವ ಗಂಡಿನ ಒಡೆಯನಿಗೆ ಈ ವಿರಾಮ ದುಬಾರಿಯಾಗಿ ಕಾಣಬಹುದು, ಆದರೆ ಒಂದು ಹಂಗಾಮಿನ ಬಾಡಿಗೆಗಿಂತ ಹೆಸರು ಹೋಗುವುದು ಹೆಚ್ಚು ದುಬಾರಿ.

ಇಎಚ್‌ವಿ-1ರಿಂದ ಕಂದು ಹಾಕಿದ ಕುದುರೆಯ ಗರ್ಭಕೋಶಕ್ಕೆ ಶಾಶ್ವತ ಹಾನಿಯಾಗುವುದಿಲ್ಲ, ಮುಂದಿನ ಬಾರಿ ಅದು ಚೆನ್ನಾಗಿ ಈಯುತ್ತದೆ. ಅದನ್ನು ಮಾರಿಬಿಡುವ ಅವಸರ ಬೇಡ, ಮೊದಲ ಬೆದೆಯಲ್ಲೇ ಗಂಡು ಕೊಡಿಸುವ ಅವಸರವೂ ಬೇಡ. ಕೊನೆಯ ಪ್ರಕರಣದಿಂದ 28 ದಿನ ಕಳೆಯುವವರೆಗೆ ಲಾಯದಿಂದ ಯಾವ ಕುದುರೆಯೂ ಹೊರಹೋಗಬಾರದು, ಒಳಗೂ ಬರಬಾರದು; ಸೋಂಕಿಗೆ ಒಡ್ಡಿಕೊಂಡ ಗಬ್ಬದ ಕುದುರೆಗಳನ್ನು ಅವು ಈಯುವವರೆಗೂ ಬೇರೆ ಗಬ್ಬದ ಕುದುರೆಗಳೊಡನೆ ಸೇರಿಸಬಾರದು. ಹಿಂದಿನ ಒಂದು ತಿಂಗಳಲ್ಲಿ ಗಂಡು ಕೊಡಿಸಲು ಬಂದುಹೋದ ಕುದುರೆಗಳ ಒಡೆಯರಿಗೂ, ಅಂಗಳ ಹಂಚಿಕೊಂಡ ಕುರಿಗಾಹಿಗಳಿಗೂ, ನಮ್ಮ ಕುದುರೆಯೊಡನೆ ಮೆರವಣಿಗೆಯಲ್ಲಿ ನಿಂತ ಕುದುರೆಗಳವರಿಗೂ ಪರೀಕ್ಷೆಯ ವರದಿ ಬರುವ ಮುನ್ನವೇ ಫೋನ್ ಮಾಡಿ, ತಮ್ಮ ಗಬ್ಬದ ಕುದುರೆಗಳ ಜ್ವರ ನೋಡಿಕೊಳ್ಳುವಂತೆ ತಿಳಿಸಬೇಕು.